ಅರ್ಜಿ ತಿದ್ದುವುದು ಗುಮಾಸ್ತನ ಕೆಲಸವಲ್ಲ

ವೆಬ್ ಫಾರ್ಮಿನಲ್ಲಿ ಜನ ತುಂಬಿ ಕಳಿಸಿದ್ದನ್ನು ಸರ್ವರಿನ ಸ್ಕ್ರಿಪ್ಟು ಹೇಗೆ ಕೈಗೆತ್ತಿಕೊಳ್ಳಬೇಕು ಎಂಬ ನನ್ನ ಹಿಂದಿನ ಲೇಖನಕ್ಕೆ ಬಂದ ಪತ್ರಗಳಲ್ಲಿ ಒಪ್ಪಿದವಕ್ಕಿಂತ ಒಪ್ಪದವೇ ಹೆಚ್ಚು. ಒಪ್ಪದವರಲ್ಲಿ ಬಹುಪಾಲು ಜನ ದಿನಬೆಳಗಾದರೆ ಇದೇ ಕೆಲಸ ಮಾಡುವವರು. ಅವರ ಮಾತನ್ನು ಹಾಗೇ ತಳ್ಳಿಹಾಕುವಂತಿಲ್ಲ. ಒಂದೊಂದನ್ನೇ ಎತ್ತಿಕೊಂಡು ಉತ್ತರ ಹೇಳುತ್ತೇನೆ.

ನಾನು ಹೇಳಿದ್ದೇನು ಎಂಬುದನ್ನು ಮೊದಲು ನೆನಪಿಸಬೇಕು. ಕೆಲವು ಪತ್ರಗಳು ನಾನು ಹೇಳದ ಮಾತಿಗೆ ಉತ್ತರ ಕೊಟ್ಟಿವೆ. ಫಾರ್ಮಿನಿಂದ ಬಂದ ಯಾವುದನ್ನೂ ಸ್ಕ್ರಿಪ್ಟು ನಂಬಬಾರದು, ತನಗೆ ತೋಚಿದಂತೆ ತಿದ್ದಲೂ ಬಾರದು. ಇವೆರಡೂ ಒಟ್ಟಿಗೆ ಇರಬೇಕಾದವು. ತಾಲೂಕು ಕಚೇರಿಯ ಟಪಾಲು ವಿಭಾಗವನ್ನು ನೋಡಿ. ಅರ್ಜಿ ಬಂದರೆ ಗುಮಾಸ್ತರು ಮೊಹರು ಒತ್ತಿ, ನಂಬರು ಹಾಕಿ ಒಳಗೆ ಕಳಿಸುತ್ತಾರೆ. ಅರ್ಜಿ ಸರಿಯಿಲ್ಲದಿದ್ದರೆ ಕಾರಣ ಬರೆದು ಹಿಂಬರಹ ಕೊಡಲಾಗುತ್ತದೆ. ಅರ್ಜಿದಾರರ ಹೆಸರಿನಲ್ಲಿ ಯಾವುದೋ ಚಿಹ್ನೆ ಹಿಡಿಸಲಿಲ್ಲವೆಂದು ಬ್ಲೇಡಿನಿಂದ ಕೆರೆದು ತೆಗೆಯುವ ಅಧಿಕಾರ ಆ ಕಚೇರಿಯಲ್ಲಿ ಯಾರಿಗೂ ಇಲ್ಲ. ನಮ್ಮ ಸ್ಕ್ರಿಪ್ಟುಗಳು ಮಾತ್ರ ಅದನ್ನು ದಿನವೂ ಮಾಡುತ್ತವೆ.

ಇದು ನನಗೆ ಪುಸ್ತಕದಿಂದ ಬಂದ ಪಾಠವಲ್ಲ. ಸುಮಾರು ಹದಿನೆಂಟು ವರ್ಷದ ಹಿಂದೆ ಕರಾವಳಿಯ ಒಂದು ಕಾಲೇಜಿಗೆ ಪ್ರವೇಶದ ಫಾರ್ಮು ಬರೆದುಕೊಟ್ಟಿದ್ದೆ. ಆಯ್ಕೆಪಟ್ಟಿಯ ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದ ದಿನ ಒಬ್ಬ ಹುಡುಗಿ ಕಚೇರಿಗೆ ಬಂದು, "ಸರ್, ನಮ್ಮ ಮನೆ ಹೆಸರಿನ ನಡುವೆ ಈ ಕಡ್ಡಿಗಳು ಯಾಕೆ?" ಎಂದು ಕೇಳಿದಳು. ಹೋಗಿ ನೋಡಿದರೆ ಡಿ'ಸೋಜ ಎಂದಿರಬೇಕಾದ ಕಡೆ ಡಿ\\\'ಸೋಜ ಎಂದಿತ್ತು. ಅವಳ ಅರ್ಜಿಯಲ್ಲಿ ಅಂಕ ತಪ್ಪಾಗಿತ್ತೆಂದು ಕಚೇರಿಯವರು ಒಮ್ಮೆ ತೆರೆದು ತಿದ್ದಿ ಸೇವ್ ಮಾಡಿದ್ದರು. ಮೊದಲ ಸಲ ಸೇವ್ ಮಾಡಿದಾಗ ಒಂದು ಕಡ್ಡಿ, ಎರಡನೆಯ ಸಲಕ್ಕೆ ಮೂರು. ಮೂರನೆಯ ಸಲ ಮಾಡಿದ್ದರೆ ಏಳಾಗುತ್ತಿತ್ತು. ಆಗಿನ ಪಿಎಚ್‌ಪಿ ಭಾಷೆಯಲ್ಲಿ 'ಮ್ಯಾಜಿಕ್ ಕೋಟ್ಸ್' ಎಂಬ ವ್ಯವಸ್ಥೆ ಇತ್ತು. ಫಾರ್ಮಿನಿಂದ ಬಂದ ಪ್ರತಿಯೊಂದು ಕೋಟಿನ ಹಿಂದೆಯೂ ಬ್ಯಾಕ್‌ಸ್ಲ್ಯಾಶನ್ನು ಅದು ತಾನಾಗಿಯೇ ಸೇರಿಸುತ್ತಿತ್ತು. ಅದು ಗೊತ್ತಿಲ್ಲದೆ ನಾನೂ ಒಂದು ಸುತ್ತು ಸೇರಿಸಿದ್ದೆ. ಭದ್ರತೆಗೆಂದು ಮಾಡಿದ್ದು ಒಬ್ಬಳ ಹೆಸರನ್ನು ಕೆಡಿಸಿತ್ತು.

ಇನ್ನು ಆಕ್ಷೇಪಗಳಿಗೆ ಬರೋಣ.

"ಬ್ರೌಸರಿನಲ್ಲೇ ಜಾವಾಸ್ಕ್ರಿಪ್ಟು ಎಲ್ಲವನ್ನೂ ಪರೀಕ್ಷಿಸುತ್ತದೆ, ಸರ್ವರಿನಲ್ಲಿ ಮತ್ತೆ ಅದೇ ಕೆಲಸ ಏಕೆ?" ಎಂದು ಕೇಳಿದವರು ಹಲವರು. ಬ್ರೌಸರು ಇರುವುದು ತುಂಬುವವರ ಕೈಯಲ್ಲಿ. ಎಫ್12 ಒತ್ತಿದರೆ ಪುಟದ ಒಳಗೆಲ್ಲ ತೆರೆದುಕೊಳ್ಳುತ್ತದೆ. ಕಡ್ಡಾಯ ಎಂದು ಗುರುತು ಹಾಕಿದ್ದನ್ನು ಅಳಿಸಬಹುದು, ಡ್ರಾಪ್‌ಡೌನಿನಲ್ಲಿ ಇಲ್ಲದ ಆಯ್ಕೆಯನ್ನು ಸೇರಿಸಬಹುದು, ಬಚ್ಚಿಟ್ಟ ಫೀಲ್ಡಿನಲ್ಲಿರುವ 1500 ರೂಪಾಯಿ ಶುಲ್ಕವನ್ನು 15 ಮಾಡಬಹುದು. ಕರ್ಲ್‌ನಂಥ ಉಪಕರಣ ಇದ್ದರೆ ಬ್ರೌಸರೇ ಬೇಡ, ಒಂದು ಸಾಲಿನ ಆಜ್ಞೆಯಲ್ಲಿ ಫಾರ್ಮು ಸಲ್ಲಿಕೆಯಾಗುತ್ತದೆ. ಶುಲ್ಕ ಎಷ್ಟೆಂಬುದು ಡೇಟಾಬೇಸಿಗೆ ಗೊತ್ತಿರುವಾಗ ಅದನ್ನು ಫಾರ್ಮಿನಿಂದ ಕೇಳಿ ತಿಳಿದುಕೊಳ್ಳುವುದೇ ತಪ್ಪು.

ಆದರೆ ನನಗೆ ಮೋಸಗಾರರಿಗಿಂತ ಹೆಚ್ಚಿನ ಚಿಂತೆ ಪ್ರಾಮಾಣಿಕರದು. ಚಾರ್ಮಾಡಿ ಘಾಟಿಯ ಬುಡದಲ್ಲಿ ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ಅರ್ಜಿ ತುಂಬುವವನ ಮೊಬೈಲಿಗೆ ಪುಟವೇನೋ ಬಂತು, ಜಾವಾಸ್ಕ್ರಿಪ್ಟಿನ ಕಡತ ಬರಲಿಲ್ಲ. ಆಗಲೂ ಸಬ್ಮಿಟ್ ಬಟನ್ ಕೆಲಸ ಮಾಡುತ್ತದೆ. ಯಾವ ಪರೀಕ್ಷೆಯೂ ಇಲ್ಲದೆ ಅರ್ಜಿ ಸರ್ವರಿಗೆ ಬರುತ್ತದೆ. ಅರ್ಧ ನಿಮಿಷ ಏನೂ ಕಾಣದಿದ್ದಾಗ ಅವನು ಇನ್ನೊಮ್ಮೆ ಒತ್ತುತ್ತಾನೆ, ಯಾರಾದರೂ ಒತ್ತುತ್ತಾರೆ. ಎರಡು ಅರ್ಜಿ, ಎರಡು ನೋಂದಣಿ ಸಂಖ್ಯೆ. ಒತ್ತಿದ ಕೂಡಲೇ ಬಟನ್ನನ್ನು ನಿಷ್ಕ್ರಿಯಗೊಳಿಸುತ್ತೇವೆ ಎನ್ನುವವರು ಅದನ್ನು ಮಾಡಿಸುವುದೂ ಬಂದು ತಲುಪದ ಆ ಜಾವಾಸ್ಕ್ರಿಪ್ಟಿನಿಂದಲೇ. ಸರ್ವರು ಪ್ರತಿ ಫಾರ್ಮಿಗೂ ಒಂದು ಸಲಕ್ಕೆ ಮಾತ್ರ ಸಲ್ಲುವ ಟೋಕನ್ ಕೊಟ್ಟು, ಅದೇ ಟೋಕನ್ ಎರಡನೆಯ ಸಲ ಬಂದರೆ ಮೊದಲ ಅರ್ಜಿಯ ರಸೀದಿಯನ್ನೇ ತೋರಿಸಬೇಕು. ಸೇವ್ ಆದ ಮೇಲೆ ರಸೀದಿಯ ಪುಟಕ್ಕೆ ರೀಡೈರೆಕ್ಟ್ ಮಾಡಿದರೆ, ರಿಫ್ರೆಶ್ ಮಾಡಿದರೂ ಅರ್ಜಿ ಮರುಸಲ್ಲಿಕೆಯಾಗುವುದಿಲ್ಲ. ಬ್ರೌಸರಿನ ಪರೀಕ್ಷೆ ತುಂಬುವವರಿಗೆ ಅನುಕೂಲ, ಅದು ಇರಲಿ. ತೀರ್ಮಾನ ಸರ್ವರಿನದು.

ಎರಡನೆಯ ಆಕ್ಷೇಪವೇ ಇಡೀ ಚರ್ಚೆಯ ತಿರುಳು. "ಬಾಗಿಲಲ್ಲೇ ಎಲ್ಲವನ್ನೂ ತೊಳೆದುಬಿಟ್ಟರೆ ಒಳಗೆ ನಿಶ್ಚಿಂತೆ. ಕೋಟು, ಕೋನದ ಆವರಣ, ಸೆಮಿಕೋಲನ್ ಇವನ್ನೆಲ್ಲ ತೆಗೆದುಹಾಕುವ ಒಂದು ಫಂಕ್ಷನ್ ಬರೆದಿದ್ದೇವೆ, ಹತ್ತು ವರ್ಷದಿಂದ ತೊಂದರೆಯಿಲ್ಲ" ಎಂದು ಒಬ್ಬ ಹಿರಿಯರು ಬರೆದಿದ್ದಾರೆ. ತೊಂದರೆ ಯಾರಿಗಿಲ್ಲ ಎಂಬುದು ನನ್ನ ಪ್ರಶ್ನೆ. ಮಂಗಳೂರಿನ ಯಾವುದೇ ಚರ್ಚಿನ ಕುಟುಂಬಗಳ ಪಟ್ಟಿ ತೆಗೆದು ನೋಡಿ: ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ, ಡಿ'ಮೆಲ್ಲೊ. ಆ ಫಂಕ್ಷನ್ನಿಗೆ ಇವರೆಲ್ಲರೂ ಅಪಾಯ. ನೆಗಡಿಯಾಯಿತೆಂದು ಮೂಗು ಕೊಯ್ಯುವುದಾದರೆ ಕನಿಷ್ಠ ಮೂಗು ಕೊಯ್ಯುವವರದ್ದಾಗಿರಬೇಕಿತ್ತು. ಇಲ್ಲಿ ಕೊಯ್ದಿರುವುದು ಅರ್ಜಿದಾರರದು.

ಅದೇ ಫಂಕ್ಷನ್ನಿನಲ್ಲಿ ಆ ಹಿರಿಯರು ಟ್ಯಾಗು ಕಿತ್ತುಹಾಕುವ 'ಸ್ಟ್ರಿಪ್ ಟ್ಯಾಗ್ಸ್' ಕೂಡ ಬಳಸುತ್ತಾರಂತೆ. ಆರೋಗ್ಯ ಶಿಬಿರದ ಫಾರ್ಮಿನಲ್ಲಿ ದಾದಿಯೊಬ್ಬರು "ಹಿಮೋಗ್ಲೋಬಿನ್ <7, ಕೂಡಲೇ ಕಳಿಸಿ" ಎಂದು ಬರೆದರೆ, '<' ಚಿಹ್ನೆಗೆ ಅಂಟಿಕೊಂಡೇ ಅಂಕಿ ಬಂದಿರುವುದರಿಂದ ಅದನ್ನು ಟ್ಯಾಗಿನ ಆರಂಭವೆಂದು ಎಣಿಸಿ, ಅಲ್ಲಿಂದ ಕೊನೆಯವರೆಗೆ ಎಲ್ಲವನ್ನೂ ಅದು ನುಂಗಿಹಾಕುತ್ತದೆ. ಉಳಿಯುವುದು "ಹಿಮೋಗ್ಲೋಬಿನ್" ಎಂಬ ಒಂದೇ ಪದ. ಎಚ್ಚರಿಕೆ ಇಲ್ಲ, ದೋಷದ ಸಂದೇಶವೂ ಇಲ್ಲ. ತಾನು ಬರೆದದ್ದು ಉಳಿದಿದೆ ಎಂದೇ ದಾದಿ ನಂಬಿರುತ್ತಾರೆ.

ಇಷ್ಟು ಕಳೆದುಕೊಂಡದ್ದಕ್ಕೆ ಭದ್ರತೆಯಾದರೂ ಸಿಗುತ್ತದೆಯೇ? 2005ರ ಅಕ್ಟೋಬರಿನಲ್ಲಿ ಮೈಸ್ಪೇಸ್ ತಾಣದಲ್ಲಿ ಸ್ಯಾಮಿ ಕಾಮ್ಕರ್ ಎಂಬ ಯುವಕ ಬರೆದ ಹುಳು ಒಂದು ದಿನದೊಳಗೆ 10 ಲಕ್ಷಕ್ಕೂ ಹೆಚ್ಚು ಪ್ರೊಫೈಲುಗಳಿಗೆ ಹಬ್ಬಿತು. ಮೈಸ್ಪೇಸಿನಲ್ಲೂ ತೊಳೆಯುವ ಫಂಕ್ಷನ್ ಇತ್ತು. 'ಜಾವಾಸ್ಕ್ರಿಪ್ಟ್' ಎಂಬ ಪದ ಕಂಡರೆ ಅದು ಕಿತ್ತುಹಾಕುತ್ತಿತ್ತು. ಆತ 'ಜಾವಾ' ಮತ್ತು 'ಸ್ಕ್ರಿಪ್ಟ್' ನಡುವೆ ಸಾಲು ಮುರಿದ. ತೊಳೆಯುವ ಫಂಕ್ಷನ್ನಿಗೆ ಅದು ಎರಡು ಪದವಾಗಿ ಕಂಡಿತು, ಕೆಲವು ಬ್ರೌಸರುಗಳು ಒಂದೇ ಪದವಾಗಿ ಓದಿ ನಡೆಸಿದವು. ಕೆಟ್ಟದ್ದರ ಪಟ್ಟಿ ಮಾಡಿಕೊಂಡು ಕಾವಲು ಕೂತವರು ಆ ಪಟ್ಟಿಯಲ್ಲಿಲ್ಲದ ಒಂದಕ್ಕೆ ಯಾವತ್ತೂ ಸೋಲುತ್ತಾರೆ.

ಯಾವ ಅಕ್ಷರವೂ ತಾನಾಗಿ ವಿಷವಲ್ಲ. ಅಪಾಯ ಹುಟ್ಟುವುದು ಅದನ್ನು ಎಲ್ಲಿಗೆ ಒಯ್ದು ಹಾಕುತ್ತೇವೆ ಎಂಬುದರಿಂದ. ಡಿ'ಸೋಜ ಎಂಬ ಹೆಸರನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ನೇರವಾಗಿ ಅಂಟಿಸಿದರೆ, ಹೆಸರಿನೊಳಗಿನ ಕೋಟೇ ಹೆಸರು ಮುಗಿಯಿತೆಂಬ ಗುರುತಾಗಿ, ಮುಂದಿನದೆಲ್ಲ ಆಜ್ಞೆಯಾಗಿಬಿಡುತ್ತದೆ. ಈ ಬಿರುಕನ್ನು ಜೆಫ್ ಫಾರಿಸ್ಟಲ್ 1998ರಲ್ಲೇ ಫ್ರ್ಯಾಕ್ ಪತ್ರಿಕೆಯಲ್ಲಿ ಬಿಡಿಸಿ ತೋರಿಸಿದ್ದರು. ಅದೇ ಹೆಸರು ವೆಬ್ ಪುಟಕ್ಕೆ ಹೋದರೆ ನೋಡಿಕೊಳ್ಳಬೇಕಾದ್ದು ಕೋನದ ಆವರಣವನ್ನು. ಮೇಲ್‌ನ ಶಿರೋಭಾಗಕ್ಕೆ ಹೋದರೆ ಹೊಸ ಸಾಲಿನ ಚಿಹ್ನೆಯನ್ನು; ಅದರ ಬೆನ್ನಿಗೆ ಇನ್ನೊಂದು ವಿಳಾಸದ ಸಾಲು ಸೇರಿಸಿ ನಿಮ್ಮ ಸರ್ವರಿನಿಂದಲೇ ಸಾವಿರಾರು ಜನರಿಗೆ ಕಸದ ಮೇಲ್ ಕಳಿಸಬಹುದು. ಎಕ್ಸೆಲ್‌ಗೆ ಹೋದರೆ ಮೊದಲು ಬರುವ ಸಮ ಚಿಹ್ನೆಯನ್ನು. ಎಕ್ಸೆಲ್ ಅದನ್ನು ಸೂತ್ರವೆಂದು ಓದುತ್ತದೆ. ಇಂದು ಬಾಗಿಲಲ್ಲಿ ನಿಂತ ಸ್ಕ್ರಿಪ್ಟಿಗೆ ಈ ಹೆಸರು ಮುಂದಿನ ವರ್ಷ ಎಲ್ಲೆಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ. ಗೊತ್ತಿಲ್ಲದ ರೋಗಕ್ಕೆ ಮೊದಲೇ ಮದ್ದು ಕುಡಿಸುವುದೇ ಈ ತೊಳೆಯುವ ಕೆಲಸ.

ಹಾಗಾದರೆ ಮಾಡಬೇಕಾದ್ದೇನು? ಬಂದದ್ದನ್ನು ಬಂದ ಹಾಗೆ ಇಟ್ಟುಕೊಳ್ಳಿ, ಹೊರಗೆ ಕಳಿಸುವಾಗ ಆಯಾ ಜಾಗಕ್ಕೆ ತಕ್ಕ ಹೊದಿಕೆ ಹಾಕಿ. ಡೇಟಾಬೇಸಿಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್: ವಾಕ್ಯದಲ್ಲಿ ಹೆಸರಿನ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ, ಹೆಸರನ್ನು ಬೇರೆಯಾಗಿ ಕೊಡುವುದು. ಪಿಎಚ್‌ಪಿಯಲ್ಲಿ ಪಿಡಿಒ ಇದಕ್ಕೆಂದೇ ಇದೆ, 2005ರಲ್ಲಿ ಬಂದ 5.1ನೆಯ ಆವೃತ್ತಿಯಿಂದ. ಮೈಎಸ್‌ಕ್ಯೂಎಲ್ ಬಳಸುವವರು ಅದರ 'ಎಮ್ಯುಲೇಟ್' ಸೌಲಭ್ಯವನ್ನು ಮುಚ್ಚಿಬಿಡಬೇಕು. ಆಗಲೇ ವಾಕ್ಯವೂ ಹೆಸರೂ ನಿಜವಾಗಿ ಬೇರೆ ಬೇರೆಯಾಗಿ ಹೋಗುವುದು. ವೆಬ್ ಪುಟದಲ್ಲಿ ತೋರಿಸುವಾಗ 'ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್'. ದಾದಿ ಬರೆದ <7 ಆಗ ಪರದೆಯ ಮೇಲೂ <7 ಎಂದೇ ಕಾಣುತ್ತದೆ.

ಬಾಗಿಲಲ್ಲೇ ತೊಳೆಯುವ ಮದ್ದನ್ನು ಕಂಡುಹಿಡಿದವರೇ ಹಿಂತೆಗೆದುಕೊಂಡಿದ್ದಾರೆ ಎಂಬುದನ್ನೂ ಆ ಹಿರಿಯರು ಗಮನಿಸಬೇಕು. ಮ್ಯಾಜಿಕ್ ಕೋಟ್ಸ್ 2012ರಲ್ಲಿ ಪಿಎಚ್‌ಪಿ 5.4ರಿಂದ ಹೊರಬಿತ್ತು. ಫಾರ್ಮಿನಲ್ಲಿ ಬಂದ ಹೆಸರುಗಳೆಲ್ಲ ತಾವಾಗಿಯೇ ವೇರಿಯಬಲ್ ಆಗುತ್ತಿದ್ದ 'ರಿಜಿಸ್ಟರ್ ಗ್ಲೋಬಲ್ಸ್' ಕೂಡ ಅದೇ ಆವೃತ್ತಿಯಲ್ಲಿ ಹೋಯಿತು. ಪಠ್ಯವನ್ನು ತೊಳೆದುಕೊಡುತ್ತೇನೆಂದು ಬಂದ 'ಫಿಲ್ಟರ್ ಸ್ಯಾನಿಟೈಸ್ ಸ್ಟ್ರಿಂಗ್' ಅನ್ನು 2021ರ 8.1ರಲ್ಲಿ ಕೈಬಿಡತಕ್ಕದ್ದೆಂದು ಸಾರಿದರು. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವಂತ ಪುಟಕ್ಕೆಂದು ಬರೆದ ಸಣ್ಣ ಉಪಕರಣಗಳಿಂದ ಬೆಳೆದ ಭಾಷೆ ಇದು. ಆರಂಭದ ಆವೃತ್ತಿಯೊಂದರ ಹೆಸರಿನಲ್ಲೇ 'ಫಾರ್ಮ್ಸ್ ಇಂಟರ್‌ಪ್ರಿಟರ್' ಎಂಬ ಮಾತಿತ್ತು. ಆರಂಭದಿಂದಲೂ ಫಾರ್ಮು ಓದುತ್ತ ಬಂದ ಭಾಷೆ ಇಷ್ಟು ವರ್ಷ ಪಟ್ಟ ಪಾಡಿನಿಂದ ಕಲಿತದ್ದನ್ನು ನಾವು ಮೊದಲಿನಿಂದ ಮತ್ತೆ ಕಲಿಯಬೇಕಾಗಿಲ್ಲ.

ಮೂರನೆಯ ಪತ್ರ ಓದಿ ನನಗೆ ನೋವಾಯಿತು. "ಕನ್ನಡದಲ್ಲಿ ತುಂಬಲು ಬಿಟ್ಟರೆ ಪರೀಕ್ಷಿಸುವುದೇ ಆಗುವುದಿಲ್ಲ. ಇಂಗ್ಲಿಷ್ ದೊಡ್ಡಕ್ಷರದಲ್ಲಿ ತುಂಬಲಿ, ಎಲ್ಲ ಸುಲಭ" ಎನ್ನುತ್ತದೆ ಆ ಪತ್ರ. ಬರೆದವರು ಕನ್ನಡದವರೇ. ಅವರ ಕಷ್ಟ ನಿಜವಾದದ್ದೆಂದು ನನಗೆ ಗೊತ್ತು, ಅದನ್ನು ನಾನೂ ಪಟ್ಟಿದ್ದೇನೆ. ಅದಕ್ಕಾಗಿಯೇ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಹೆಸರಿನ ಫೀಲ್ಡಿನಲ್ಲಿ ಅಕ್ಷರ ಮಾತ್ರ ಇರಬೇಕೆಂದು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಬರೆಯುತ್ತೇವೆ. ಇಂಗ್ಲಿಷಿನ ಎ-ಯಿಂದ-ಝಡ್‌ವರೆಗೆ ಎಂಬುದರ ಬದಲು ಯೂನಿಕೋಡಿನ 'ಲೆಟರ್' ವರ್ಗವನ್ನೇ ಹಾಕಿದೆವು, ಇನ್ನು ಕನ್ನಡವೂ ನಡೆಯುತ್ತದೆ ಎಂದುಕೊಳ್ಳುತ್ತೇವೆ. ಪರೀಕ್ಷೆಗೆ ಕಮಲ ಎಂದು ತುಂಬಿದರೆ ಸರಿ ಎನ್ನುತ್ತದೆ, ಭರತ ಎಂದರೂ ಸರಿ ಎನ್ನುತ್ತದೆ. ಕಮಲಾ ಎಂದು ದೀರ್ಘ ಕೊಟ್ಟ ಕೂಡಲೇ ತಪ್ಪು ಎನ್ನುತ್ತದೆ. ಗಂಗೆ, ಶಿವ, ಲಕ್ಷ್ಮಿ ಯಾರಿಗೂ ಒಳಗೆ ಪ್ರವೇಶವಿಲ್ಲ. ಯೂನಿಕೋಡಿನ ಲೆಕ್ಕದಲ್ಲಿ ಕ ಎಂಬುದು ಲೆಟರ್. ಅದಕ್ಕೆ ಹತ್ತುವ ದೀರ್ಘ, ಗುಡಿಸು, ಸೊನ್ನೆ, ಒತ್ತು ಬರಿಸುವ ಹಲಂತ ಇವೆಲ್ಲ 'ಮಾರ್ಕ್' ಎಂಬ ಬೇರೆ ವರ್ಗ. ಆ ವರ್ಗವನ್ನೂ ಸೇರಿಸಿದರೆ ಇವರೆಲ್ಲರಿಗೂ ಬಾಗಿಲು ತೆರೆಯುತ್ತದೆ. ಇಷ್ಟು ಸಣ್ಣ ತಿದ್ದುಪಡಿಗೆ ಬದಲಾಗಿ ಒಂದು ಭಾಷೆಯನ್ನೇ ಫಾರ್ಮಿನಿಂದ ಹೊರಗಿಡುವುದು ನ್ಯಾಯವೇ?

ಉದ್ದದ ಲೆಕ್ಕವೂ ಹೀಗೆಯೇ. ಲಕ್ಷ್ಮೀ ಎಂಬುದು ಕಣ್ಣಿಗೆ ಎರಡು ಅಕ್ಷರ. ಯೂನಿಕೋಡಿಗೆ ಏಳು ಸಂಕೇತ. ಒಂದೊಂದಕ್ಕೂ ಮೂರು ಬೈಟಿನಂತೆ ಯುಟಿಎಫ್-8ರಲ್ಲಿ 21 ಬೈಟು. ಪಿಎಚ್‌ಪಿಯ 'ಸ್ಟ್ರ್‌ಲೆನ್' ಎಣಿಸುವುದು ಬೈಟನ್ನು. ಹೆಸರು 20ಕ್ಕಿಂತ ಉದ್ದವಿರಬಾರದು ಎಂದು ಅದರಿಂದ ಅಳೆದರೆ ಲಕ್ಷ್ಮೀ ಎಂಬ ಎರಡಕ್ಷರದ ಹೆಸರು ತಿರಸ್ಕೃತ. ತಿರಸ್ಕರಿಸದೆ 20ಕ್ಕೆ ಕತ್ತರಿಸಿದರೆ ಇನ್ನೂ ಕೆಟ್ಟದ್ದು: ಕೊನೆಯ ದೀರ್ಘದ ಮೂರನೆಯ ಬೈಟು ಹೋಗಿ, ಹೆಸರಿನ ತುದಿಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. 'ಎಂಬಿ' ಎಂದು ಆರಂಭವಾಗುವ ಫಂಕ್ಷನ್ನುಗಳನ್ನು ಬಳಸಿದರೆ ಸಂಕೇತಗಳ ಲೆಕ್ಕ ಸಿಗುತ್ತದೆ, ಬೈಟುಗಳ ನಡುವೆ ಕತ್ತರಿ ಬೀಳುವುದಿಲ್ಲ.

ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕುವ ಅಭ್ಯಾಸ ಹಲವು ಸ್ಕ್ರಿಪ್ಟುಗಳಲ್ಲಿದೆ. ಇಂಗ್ಲಿಷಿಗೆ ಅದರಿಂದ ನಷ್ಟವಿಲ್ಲ. ಕನ್ನಡದಲ್ಲಿ ರಾಜ್‌ಕುಮಾರ್ ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಅಗಲವಿಲ್ಲದ ಒಂದು ಸಂಕೇತವಿರುತ್ತದೆ. ಅದು 'ಇಲ್ಲಿ ಒತ್ತು ಮಾಡಬೇಡ' ಎಂದು ಹೇಳುವ ಸಂಕೇತ. ಕಾಣದ್ದೆಂದು ಅದನ್ನು ಕಿತ್ತರೆ ಹೆಸರು ರಾಜ್ಕುಮಾರ್ ಆಗುತ್ತದೆ. ಗುರುತಿನ ಚೀಟಿಯಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ ಇದ್ದರೆ ಆ ಮನುಷ್ಯ ಎಷ್ಟು ಕಚೇರಿಗೆ ಅಲೆಯಬೇಕೆಂಬುದು ನಮ್ಮೆಲ್ಲರಿಗೂ ಗೊತ್ತಿರುವ ವಿಷಯ.

ಇಲ್ಲೊಂದು ಪ್ರಶ್ನೆ ಏಳಬಹುದು, ಒಬ್ಬರು ಎತ್ತಿಯೂ ಇದ್ದಾರೆ. ಕೊಡಗು ಎಂಬುದರ ಕೊ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಒ-ಕಾರದ ಒಂದೇ ಸಂಕೇತವಾಗಿ, ಅಥವಾ ಎತ್ವ ಮತ್ತು ಊ-ಕಾರದ ಕೊಂಬು ಎಂಬ ಎರಡಾಗಿ. ತೆರೆಯ ಮೇಲೆ ಎರಡೂ ಒಂದೇ, ಹುಡುಕುವಾಗ ಒಂದು ಇನ್ನೊಂದಕ್ಕೆ ಸಿಗದು. ಅದನ್ನು ಒಂದೇ ರೂಪಕ್ಕೆ ತರುವುದು ತಿದ್ದುವುದಲ್ಲವೇ ಎಂದು ಅವರ ಪ್ರಶ್ನೆ. ಅಲ್ಲ. ಇವೆರಡೂ ಒಂದೇ ಅಕ್ಷರವೆಂದು ಯೂನಿಕೋಡೇ ನಿಗದಿ ಮಾಡಿದೆ, ಬರೆದವರ ಮಾತು ಎಳ್ಳಷ್ಟೂ ಬದಲಾಗುವುದಿಲ್ಲ. ಪಿನ್‌ಕೋಡನ್ನು ೫೭೫೦೦೧ ಎಂದು ಕನ್ನಡ ಅಂಕಿಯಲ್ಲಿ ತುಂಬಿದರೆ 575001 ಎಂದು ಓದಿಕೊಳ್ಳುವುದೂ ಹಾಗೆಯೇ. ಆದರೆ ಗಂಗೆ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನೇ ಒತ್ತಿ ಗ೦ಗೆ ಎಂದು ತುಂಬಿದವರು ಬಹಳ ಮಂದಿ. ಅದು ಬೇರೆ ಅಕ್ಷರ, ಸದ್ದಿಲ್ಲದೆ ಬದಲಿಸಕೂಡದು. "ನೀವು ಬರೆಯಬೇಕೆಂದಿದ್ದು ಇದೇನಾ?" ಎಂದು ಫಾರ್ಮು ಕೇಳಬೇಕು.

ಕೇಳುವ ಮಾತು ಬಂತಲ್ಲ, ನಾಲ್ಕನೆಯ ಆಕ್ಷೇಪ ಅದರದ್ದೇ. "ಜನರಿಗೆ ತಪ್ಪು ತೋರಿಸಿ ಕಿರಿಕಿರಿ ಮಾಡಬಾರದು. ಸ್ಕ್ರಿಪ್ಟೇ ಊಹಿಸಿ ಸರಿಮಾಡಿಕೊಂಡರೆ ಅದೇ ಒಳ್ಳೆಯ ಸೇವೆ" ಎಂಬುದು. ಇದರ ಹಿಂದಿರುವ ಕಾಳಜಿಯನ್ನು ಗೌರವಿಸುತ್ತೇನೆ, ಫಲವನ್ನು ಒಪ್ಪಲಾರೆ. ಅಂಕ ತುಂಬುವ ಫಾರ್ಮು ನೋಡಿ. ಪಿಎಚ್‌ಪಿಯ 'ಎಂಪ್ಟಿ' ಎಂಬ ಪರೀಕ್ಷೆಗೆ 0 ಎಂಬುದೂ ಖಾಲಿಯೇ. ಹುಡುಗನಿಗೆ ಸೊನ್ನೆ ಅಂಕ ಬಂದಿದ್ದರೆ ಅಂಕ ತುಂಬಿಲ್ಲ ಎಂದು ದಾಖಲಾಗುತ್ತದೆ. ಗೈರುಹಾಜರಾದವನ ಎದುರು ಮೇಷ್ಟ್ರು 'ಎಬಿ' ಎಂದು ತುಂಬಿದರೆ, ಅದನ್ನು ಬಲವಂತದಿಂದ ಪೂರ್ಣಾಂಕ ಮಾಡುವ ಸ್ಕ್ರಿಪ್ಟು ಸೊನ್ನೆ ಎಂದು ಬರೆದುಕೊಳ್ಳುತ್ತದೆ. ಪರೀಕ್ಷೆ ಬರೆದವನು ಬರೆಯದವನಾದ, ಬರೆಯದವನು ಸೊನ್ನೆ ತೆಗೆದವನಾದ. ಎರಡೂ ಸದ್ದಿಲ್ಲದೆ ಆಯಿತು. ಮಂಗಳೂರಿನ ದೂರವಾಣಿ ಸಂಕೇತ 0824ನ್ನು ಸಂಖ್ಯೆಯೆಂದು ಇಟ್ಟುಕೊಂಡರೆ 824 ಉಳಿಯುತ್ತದೆ. 03/04/2010 ಎಂಬ ಹುಟ್ಟಿದ ದಿನವನ್ನು 'ಸ್ಟ್ರ್‌ಟುಟೈಮ್'ಗೆ ಕೊಟ್ಟರೆ, ಓರೆಗೆರೆ ಇರುವುದರಿಂದ ಅಮೆರಿಕದ ಪದ್ಧತಿಯಂತೆ ಮಾರ್ಚ್ 4 ಎಂದು ಓದುತ್ತದೆ. 25/12/2010 ಎಂದರೆ ಓದಲಾಗದೆ ಸೋಲುತ್ತದೆ. ಸೋತದ್ದನ್ನು ಗಮನಿಸದೆ ಮುಂದೆ ಹೋದರೆ ಮಗು 1970ರ ಜನವರಿ 1ರಂದು ಹುಟ್ಟಿರುತ್ತದೆ.

ಹಿಂಬರಹ ಕೊಡುವುದರಲ್ಲಿ ಅವಮಾನವಿಲ್ಲ. ಅದನ್ನು ಚೆನ್ನಾಗಿ ಕೊಡಬೇಕು, ಅಷ್ಟೇ: ಯಾವ ಫೀಲ್ಡು, ಏನು ತಪ್ಪು, ಹೇಗಿರಬೇಕು ಎಂಬುದನ್ನು ಕನ್ನಡದಲ್ಲಿ ಬರೆದು, ತುಂಬಿದ್ದೆಲ್ಲವನ್ನೂ ಅಲ್ಲಲ್ಲೇ ಉಳಿಸಿ ಫಾರ್ಮನ್ನು ಮರಳಿಸಬೇಕು. ಜನರಿಗೆ ಕಿರಿಕಿರಿಯಾಗುವುದು ತಪ್ಪು ತೋರಿಸಿದ್ದಕ್ಕಲ್ಲ, ಮೂವತ್ತು ಫೀಲ್ಡು ಖಾಲಿ ಮಾಡಿ ಮೊದಲಿನಿಂದ ತುಂಬಿಸಿದ್ದಕ್ಕೆ.

"ಈಗ ಲಾರವೆಲ್, ಜಾಂಗೊ ಎಲ್ಲ ಇವೆ, ಫ್ರೇಮ್‌ವರ್ಕೇ ನೋಡಿಕೊಳ್ಳುತ್ತದೆ" ಎಂದ ಯುವಮಿತ್ರರಿಗೆ ಅರ್ಧ ಒಪ್ಪಿಗೆ. ಫ್ರೇಮ್‌ವರ್ಕು ಬಳಸಿ, ಖಂಡಿತ ಬಳಸಿ. ಆದರೆ 2012ರ ಮಾರ್ಚಿನಲ್ಲಿ ಗಿಟ್‌ಹಬ್‌ನಲ್ಲಿ ಏನಾಯಿತು? ರೈಲ್ಸ್ ಫ್ರೇಮ್‌ವರ್ಕಿನಲ್ಲೇ ಕಟ್ಟಿದ್ದ ಆ ತಾಣದ ಒಂದು ಫಾರ್ಮಿಗೆ ಈಗೋರ್ ಹೋಮಾಕೋವ್ ಎಂಬಾತ ಅದರಲ್ಲಿ ಇಲ್ಲದ ಒಂದು ಫೀಲ್ಡನ್ನು ಸೇರಿಸಿ ಕಳಿಸಿದ. ಬಂದ ಫೀಲ್ಡುಗಳನ್ನೆಲ್ಲ ಹಾಗೇ ದಾಖಲೆಗೆ ತುಂಬಿಕೊಳ್ಳುವ ಅನುಕೂಲ ಫ್ರೇಮ್‌ವರ್ಕಿನಲ್ಲಿತ್ತು. ಅದರಿಂದ ಆತನಿಗೆ ರೈಲ್ಸ್‌ನ ಮೂಲ ಸಂಕೇತದ ಮೇಲೆಯೇ ಬರೆಯುವ ಹಕ್ಕು ಸಿಕ್ಕಿತು. ನಮ್ಮ ಅರ್ಜಿಯಲ್ಲಿ ಯಾವ ಯಾವ ಫೀಲ್ಡು ಇರಬೇಕೆಂಬುದನ್ನು ನಾವೇ ಹೆಸರಿಸಬೇಕು. ಅದು ಯಾವ ಫ್ರೇಮ್‌ವರ್ಕಿಗೂ ತಾನಾಗಿ ಗೊತ್ತಾಗದು.

ಫ್ರೇಮ್‌ವರ್ಕಿನ ಕೆಳಗೂ ಒಂದು ನೆಲವಿದೆ. ಒಂದು ಶಾಲೆಯಲ್ಲಿ 60 ಮಕ್ಕಳ ಅಂಕವನ್ನು ಒಂದೇ ಪುಟದಲ್ಲಿ ತುಂಬುವ ಫಾರ್ಮಿತ್ತು. ಒಬ್ಬೊಬ್ಬರಿಗೆ 18 ಚೌಕ, ಒಟ್ಟು 1080. ಪಿಎಚ್‌ಪಿ ಒಂದು ಫಾರ್ಮಿನಿಂದ ಪೂರ್ವನಿಯೋಜಿತವಾಗಿ 1000 ಫೀಲ್ಡನ್ನಷ್ಟೇ ತೆಗೆದುಕೊಳ್ಳುತ್ತದೆ. ಲಕ್ಷಗಟ್ಟಲೆ ಫೀಲ್ಡು ಕಳಿಸಿ ಸರ್ವರನ್ನು ಉಸಿರುಗಟ್ಟಿಸುವ ದಾಳಿಯೊಂದು 2011ರ ಕೊನೆಯಲ್ಲಿ ಬೆಳಕಿಗೆ ಬಂದ ಮೇಲೆ ಹಾಕಿದ ಮಿತಿ ಅದು. ಮಿಕ್ಕ 80 ಚೌಕಗಳು ಲಾಗ್ ಕಡತದಲ್ಲೊಂದು ಎಚ್ಚರಿಕೆಯ ಸಾಲು ಬಿಟ್ಟು ಮಾಯವಾದವು. ತೆರೆಯ ಮೇಲೆ "ಯಶಸ್ವಿಯಾಗಿ ಉಳಿಸಲಾಗಿದೆ" ಎಂದು ಬಂತು. ಹಾಜರಿ ಪುಸ್ತಕದ ಕೊನೆಯಲ್ಲಿ ಹೆಸರಿರುವ ನಾಲ್ಕೈದು ಮಕ್ಕಳ ಅಂಕ ಪ್ರತಿ ಪರೀಕ್ಷೆಯಲ್ಲೂ ಕಾಣೆಯಾಗುತ್ತಿತ್ತು. ಮಕ್ಕಳ ತಂದೆತಾಯಿ ಟೀಚರನ್ನು ಅನುಮಾನಿಸಿದರು, ಟೀಚರು ತಮ್ಮನ್ನೇ ಅನುಮಾನಿಸಿಕೊಂಡರು. ಎಷ್ಟು ಸಾಲು ಬರಬೇಕಿತ್ತು, ಎಷ್ಟು ಬಂತು ಎಂದು ಎಣಿಸುವ ಒಂದು ಸಾಲು ಆ ಸ್ಕ್ರಿಪ್ಟಿನಲ್ಲಿದ್ದಿದ್ದರೆ ಅಷ್ಟು ಕಣ್ಣೀರು ಬೇಕಿರಲಿಲ್ಲ.

"ನಮ್ಮದು ಸಣ್ಣ ತಾಣ, ಯಾರು ದಾಳಿ ಮಾಡುತ್ತಾರೆ" ಎಂಬುದಕ್ಕೆ ಉತ್ತರ ಚಿಕ್ಕದು. ದಾಳಿ ಮಾಡುವುದು ಮನುಷ್ಯರಲ್ಲ, ವಿಳಾಸದ ನಂತರ ವಿಳಾಸ ತಟ್ಟುತ್ತ ಹೋಗುವ ಯಂತ್ರಗಳು. ದೊಡ್ಡವರೂ ಸಿಕ್ಕಿಬಿದ್ದದ್ದು ತಾವು ಮರೆತ ಸಣ್ಣ ಮೂಲೆಯಲ್ಲಿಯೇ. 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಕಂಪನಿಯ 1,56,959 ಗ್ರಾಹಕರ ವಿವರ ಕಳುವಾದದ್ದು, ಬೇರೆ ಕಂಪನಿಯ ವ್ಯವಹಾರ ಕೊಂಡಾಗ ಜೊತೆಗೆ ಬಂದಿದ್ದ ಹಳೆಯ ಪುಟಗಳ ಮೂಲಕ. ದಾರಿ ಅದೇ ಎಸ್‌ಕ್ಯೂಎಲ್ ಇಂಜೆಕ್ಷನ್. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 4 ಲಕ್ಷ ಪೌಂಡ್ ದಂಡ ಹಾಕಿತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಸಣ್ಣ ತಾಣದವರಿಗೆ ನನ್ನದೊಂದು ವಿನಂತಿ: ಬೇಡದ ಆಧಾರ್ ಸಂಖ್ಯೆ, ಬೇಡದ ಜಾತಿ, ಬೇಡದ ಹುಟ್ಟಿದ ದಿನ ಇವನ್ನು ಕೇಳಲೇಬೇಡಿ. ಕೇಳದ್ದು ಕಳುವಾಗುವುದಿಲ್ಲ.

ಕೊನೆಯ ಪತ್ರ ಬರೆದವರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವರು. "ಹೊಸದಾಗಿ ಕಲಿಯುವವರಿಗೆ ಇಷ್ಟೆಲ್ಲ ಹೇಳಿದರೆ ಹೆದರಿ ಓಡುತ್ತಾರೆ. ಮೊದಲು ಕೆಲಸ ಮಾಡುವಂತೆ ಬರೆಯಲಿ, ಭದ್ರತೆ ಆಮೇಲೆ" ಎಂದಿದ್ದಾರೆ. ಹೆದರಿಸಬಾರದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಹಿಂದಿನ ಲೇಖನದಲ್ಲಿ ಅಪಾಯಗಳ ಪಟ್ಟಿ ಉದ್ದವಾಗಿತ್ತು, ದಾರಿ ಹೇಳಿದ್ದು ಕಡಿಮೆ. ಅದು ನನ್ನ ತಪ್ಪು. ಆದರೆ ಆಮೇಲೆ ಎಂಬುದು ಬರುವುದಿಲ್ಲ. ತರಗತಿಯಲ್ಲಿ ಬರೆದ ಮೊದಲ ಫಾರ್ಮನ್ನೇ ಹುಡುಗರು ಪ್ರಾಜೆಕ್ಟಿಗೆ ಹಾಕುತ್ತಾರೆ, ಅದನ್ನೇ ಮೊದಲ ಕೆಲಸಕ್ಕೆ ಒಯ್ಯುತ್ತಾರೆ. ನಾನು ಒಯ್ದದ್ದೂ ಅದನ್ನೇ, ಆ ಕಾಲೇಜಿನ ಗೋಡೆಗೆ ಅಂಟಿದ್ದೂ ಅದೇ. ಮತ್ತು ಸರಿಯಾದ ರೀತಿ ಉದ್ದವೂ ಅಲ್ಲ. ಹೆಸರನ್ನು ವಾಕ್ಯಕ್ಕೆ ಅಂಟಿಸಿ ಬರೆಯುವುದಕ್ಕಿಂತ ಪ್ರಿಪೇರ್ಡ್ ಸ್ಟೇಟ್‌ಮೆಂಟಿಗೆ ಹೆಚ್ಚು ಬೇಕಾದ್ದು ಒಂದು ಸಾಲು. ಮೊದಲ ದಿನವೇ ಅದನ್ನು ಕಲಿಸಿದರೆ ಮಕ್ಕಳಿಗೆ ಅದೇ ಸಹಜ ರೀತಿಯಾಗುತ್ತದೆ, ಭದ್ರತೆ ಎಂಬ ಪದವನ್ನು ಹೇಳಬೇಕಾಗಿಯೇ ಇಲ್ಲ.

ಆ ಮೇಷ್ಟ್ರಿಗೂ, ಹತ್ತು ವರ್ಷದಿಂದ ತೊಂದರೆಯಿಲ್ಲ ಎಂದ ಹಿರಿಯರಿಗೂ ಒಂದು ಕೋರಿಕೆ. ನಿಮ್ಮ ಫಾರ್ಮು ತೆರೆಯಿರಿ. ಮೊದಲ ಅರ್ಜಿಯಲ್ಲಿ ಡಿ'ಸೋಜ, ಎರಡನೆಯದರಲ್ಲಿ ಕಮಲಾ, ಮೂರನೆಯದರಲ್ಲಿ ರಾಜ್‌ಕುಮಾರ್ ಎಂದು ಹೆಸರು ತುಂಬಿ. ಒಬ್ಬರ ಅಂಕ 0, ಇನ್ನೊಬ್ಬರ ಫೋನು 0824ರಿಂದ ಆರಂಭ, ಮತ್ತೊಬ್ಬರ ಷರಾದಲ್ಲಿ <7 ಇರಲಿ. ಸೇವ್ ಒತ್ತಿ. ಅದೇ ಅರ್ಜಿಗಳನ್ನು ತಿದ್ದುವ ಪುಟದಲ್ಲಿ ತೆರೆದು, ಏನನ್ನೂ ಮುಟ್ಟದೆ ಮತ್ತೆ ಸೇವ್ ಒತ್ತಿ. ಹೀಗೆ ಮೂರು ಸಲ ಮಾಡಿ, ಪ್ರಿಂಟು ತೆಗೆದು ಮೊದಲು ತುಂಬಿದ್ದರ ಪಕ್ಕದಲ್ಲಿಟ್ಟು ನೋಡಿ. ಏನು ಕಂಡಿರೆಂದು ನನಗೆ ಬರೆಯಿರಿ.